ಜೀವನಾಂಶ: ಛಾಪಾ ಕಾಗದಕ್ಕೆ ಸಹಿ ಹಾಕುವ ಮೊದಲು

ಗಂಡ ಹೆಂಡಿರ ಜಗಳ ಹಿರಿಯರ ಪಂಚಾಯ್ತಿಗೆ ಬಂದರೆ ಕೊನೆಗೊಂದು ಛಾಪಾ ಕಾಗದ ಹುಟ್ಟುತ್ತದೆ. 'ಇಬ್ಬರೂ ಒಪ್ಪಿ ಬೇರೆಯಾಗಿದ್ದೇವೆ, ಇನ್ನು ಯಾರಿಗೂ ಯಾರಿಂದಲೂ ಏನೂ ಬರಬೇಕಾದ್ದಿಲ್ಲ' ಅಂತ ಬರೆಸಿ, ನೋಟರಿ ಮುದ್ರೆ ಒತ್ತಿಸಿ, 'ಡೈವೋರ್ಸ್ ಆಯ್ತು' ಅಂದುಬಿಡುತ್ತಾರೆ. ಆಗಿರುವುದಿಲ್ಲ. ಹಿಂದೂ ವಿವಾಹ ಕಾಯ್ದೆಯಡಿ ಅದಕ್ಕೆ ಕೋರ್ಟಿನ ಡಿಕ್ರಿ, ಅಂದರೆ ತೀರ್ಪಿನ ಆದೇಶ, ಬೇಕು (ಸಮುದಾಯದ ರೂಢಿಯನ್ನು ಸಾಬೀತುಮಾಡಬಲ್ಲವರ ಮಾತು ಬೇರೆ, ಅದು ಅಷ್ಟು ಸುಲಭವೂ ಅಲ್ಲ). ಈ ಕಾಗದ ನಂಬಿ ಮಾಡಿಕೊಂಡ ಎರಡನೇ ಮದುವೆ ಅಸಿಂಧು.

ಅದಕ್ಕಿಂತ ದೊಡ್ಡ ಪೆಟ್ಟು ಆ 'ಒಪ್ಪಿ ಬೇರೆಯಾಗಿದ್ದೇವೆ' ಎಂಬ ಮಾತಿನಲ್ಲೇ ಇದೆ. ಹಳೆಯ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 125ನೇ ಕಲಂ, ಅಂದರೆ 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 144ರಡಿ, ಪರಸ್ಪರ ಒಪ್ಪಿಗೆಯಿಂದ ಬೇರೆ ಇರುವ ಹೆಂಡತಿಗೆ ಜೀವನಾಂಶ ಇಲ್ಲ. ಎದುರು ವಕೀಲರು ಮೊದಲು ಹೊರತೆಗೆಯುವುದೇ ಈ ಕಾಗದವನ್ನು. ಹೊಡೆತ ತಾಳಲಾರದೆ ತವರಿಗೆ ಬಂದವಳು 'ಒಪ್ಪಿ ಬಂದೆ' ಅಂತ ಯಾಕೆ ಸಹಿ ಹಾಕಬೇಕು? ಬಂದ ಕಾರಣವನ್ನೇ ಬರೆಸಿ, ಇಲ್ಲವೇ ಸಹಿ ಹಾಕಬೇಡಿ. ಮಗುವಿನ ಹಕ್ಕನ್ನಂತೂ ತಾಯಿ ಬರೆದುಕೊಟ್ಟರೂ ಅದು ಹೋಗುವುದಿಲ್ಲ.

ಇನ್ನು ಮೊತ್ತದ ಮಾತು. 'ಸಂಬಳದ ಕಾಲು ಭಾಗ ಸಿಗುತ್ತೆ' ಅನ್ನುವುದು 2017ರ ಒಂದು ಸುಪ್ರೀಂ ಕೋರ್ಟ್ ತೀರ್ಪಿನಿಂದ ಹಬ್ಬಿದ ಮಾತು. ಅದು ಅಳತೆಗೋಲು, ಕಾನೂನಲ್ಲ. ಮೊತ್ತ ನಿಂತಿರುವುದು ಆಸ್ತಿ-ಹೊಣೆ ಅಫಿಡವಿಟ್ ಮೇಲೆ, ಅಂದರೆ ಆದಾಯ, ಆಸ್ತಿ, ಸಾಲಗಳನ್ನು ಪ್ರಮಾಣ ಮಾಡಿ ಬರೆದುಕೊಡುವ ಪತ್ರದ ಮೇಲೆ. ಸುಪ್ರೀಂ ಕೋರ್ಟಿನ 2020ರ ನವೆಂಬರ್ 4ರ ರಜನೀಶ್-ನೇಹಾ ತೀರ್ಪಿನ ನಂತರ ಇದನ್ನು ಇಬ್ಬರೂ ಸಲ್ಲಿಸಲೇಬೇಕು. ಹೆಂಡತಿ ತನ್ನ ದುಡಿಮೆ ಮುಚ್ಚಿಟ್ಟರೆ ಅವಳ ಕೇಸೇ ಸೊರಗುತ್ತದೆ. ನೌಕರಿಯವನಾದರೆ ಸಂಬಳದ ಚೀಟಿ ಸಾಕು. ಕಷ್ಟವಿರುವುದು 'ಮಳೆ ಇಲ್ಲ, ಬೆಳೆ ಇಲ್ಲ' ಅನ್ನುವ ತೋಟದ ಒಡೆಯನ ಹತ್ತಿರ. ಕೃಷಿಕರಿಗೆಂದೇ ಆ ತೀರ್ಪಿನಲ್ಲಿ ಪ್ರತ್ಯೇಕ ನಮೂನೆ ಇದೆ, ಎಷ್ಟೋ ಜನ ಅದನ್ನು ಕೇಳುವುದೇ ಇಲ್ಲ. ಸರ್ವೆ ನಂಬರ್ ಗೊತ್ತಿದ್ದರೆ ಸರ್ಕಾರದ 'ಭೂಮಿ' ಜಾಲತಾಣದಲ್ಲಿ ಪಹಣಿ ಸಿಗುತ್ತದೆ. ಖಾತೆ ಇನ್ನೂ ಮಾವನ ಹೆಸರಲ್ಲಿದ್ದು ಜಮೀನು ಪಿತ್ರಾರ್ಜಿತವಾಗಿದ್ದರೆ ಗಂಡನ ಪಾಲು ತೋರಿಸಲು ವಂಶವೃಕ್ಷವನ್ನೂ ಸೇರಿಸಿ. ಅಡಿಕೆ ಮಂಡಿಯ ಚೀಟಿ, ಡೇರಿಯ ಬಟವಾಡೆ ಪುಸ್ತಕದ ಫೋಟೋ ಇದ್ದರೆ ವಾದಕ್ಕೆ ಬಲ ಬರುತ್ತದೆ. ಮನೆ ಬಿಡುವ ಮುಂಚೆ ನೆನಪಾದರೆ ಒಳ್ಳೆಯದು, ಆಮೇಲೆ ಇವು ಕೈಗೆ ಸಿಗುವುದಿಲ್ಲ.

ಅದೇ ತೀರ್ಪಿನಂತೆ ಜೀವನಾಂಶದ ಲೆಕ್ಕ ಶುರುವಾಗುವುದು ಅರ್ಜಿ ಹಾಕಿದ ದಿನದಿಂದ. 'ರಾಜಿ ಆಗಬಹುದು' ಅಂತ ಎರಡು ವರ್ಷ ಕಾದರೆ ಆ ಎರಡು ವರ್ಷದ ದುಡ್ಡು ಹೋದಂತೆಯೇ. ಅರ್ಜಿ ಬಾಕಿ ಇದ್ದರೂ ರಾಜಿಗೆ ಅಡ್ಡಿಯಿಲ್ಲ, ಫ್ಯಾಮಿಲಿ ಕೋರ್ಟೇ ಮೊದಲು ಕೂರಿಸಿ ಮಾತಾಡಿಸುತ್ತದೆ. ಮೂಲ ಅರ್ಜಿಯ ಜೊತೆಗೇ ಮಧ್ಯಂತರ (ಕೇಸು ಮುಗಿಯುವವರೆಗಿನ) ಜೀವನಾಂಶವನ್ನೂ ಕೇಳಿ. ಬೇರೆ ಕಾಯ್ದೆಯಡಿ ಆಗಲೇ ಏನಾದರೂ ಸಿಗುತ್ತಿದ್ದರೆ ಹೇಳಿಬಿಡಿ, ಅದನ್ನು ಹೊಂದಾಣಿಕೆ ಮಾಡುತ್ತಾರೆ.

ಆದೇಶ ಬಂತು, ಗಂಡ ಕೊಡಲಿಲ್ಲ. ಆಗ ಬಾಕಿ ವಸೂಲಿಗೆ ಬೇರೆ ಅರ್ಜಿ ಬೇಕು. ವಸೂಲಿಯ ವಾರಂಟ್ ಬೇಕಾದರೆ ಪ್ರತಿ ತಿಂಗಳ ಬಾಕಿಗೂ ಅದು ಸಲ್ಲಬೇಕಾದ ದಿನದಿಂದ ಒಂದೇ ವರ್ಷದ ಗಡುವು. ಮೂರು ವರ್ಷ ಸುಮ್ಮನಿದ್ದು ಹೋದರೆ ಮೊದಲೆರಡು ವರ್ಷದ್ದಕ್ಕೆ ಆ ದಾರಿ ಮುಚ್ಚಿರುತ್ತದೆ. ಬಾಕಿ ಕೊಡದ ತಪ್ಪಿಗೆ ಅವನು ಜೈಲಿಗೆ ಹೋಗಿಬಂದ ಮಾತ್ರಕ್ಕೆ ಬಾಕಿ ತೀರಿತು ಅಂತಲೂ ಅಲ್ಲ, 1988ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಅದಕ್ಕೇ ಆರಾರು ತಿಂಗಳಿಗೊಮ್ಮೆ ಬಾಕಿ ಅರ್ಜಿ ಹಾಕುತ್ತಿರಿ. ವಕೀಲರ ಫೀಸಿಗೆ ದುಡ್ಡಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಅಲ್ಲಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲ.