ಮೊದಲ ಪೀರಿಯಡ್ ಒಂದನ್ನು ಬಿಟ್ಟುಕೊಡಿ

ಕ್ರೀಡೆಯ ಮಕ್ಕಳಿಗೆ ಶಾಲೆ ಸಮಯ ಹೊಂದಿಸಿಕೊಡಬೇಕೇ ಅಂತ ಒಂದು ಲೇಖನ ಕೇಳಿದೆ. ಖಂಡಿತ ಕೊಡಬೇಕು. ನನ್ನ ಮಗಳು ಬೆಳಿಗ್ಗೆ ಐದೂವರೆಗೆ ಈಜುಕೊಳಕ್ಕೆ ಇಳಿದರೆ ಏಳೂವರೆಗೆ ಮೇಲೆ ಬರುತ್ತಾಳೆ. ಒದ್ದೆ ತಲೆಯಲ್ಲೇ ಸ್ಕೂಟರ್ ಹಿಂದೆ ಕೂತು ಡಬ್ಬಿಯ ಇಡ್ಲಿ ತಿನ್ನುತ್ತಾ ಶಾಲೆಗೆ ಓಡುತ್ತಾಳೆ. ಹತ್ತು ನಿಮಿಷ ತಡವಾದರೂ ಗೇಟಿನ ಹೊರಗೆ ನಿಲ್ಲಿಸುತ್ತಾರೆ! ಮೊದಲ ಪೀರಿಯಡ್ ಬಿಟ್ಟುಕೊಡಿ, ಪಾಠ ಮನೆಯಲ್ಲಿ ಓದಿಸುತ್ತೇವೆ ಅಂತ ಪತ್ರ ಕೊಟ್ಟೆವು. ‘ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳ್ತಾರೆ’ ಅಂದರು. ಕತ್ತಲಲ್ಲಿ ಎದ್ದು ತಣ್ಣೀರಿಗೆ ಇಳಿಯುವ ಮಕ್ಕಳು ಒಂದು ಕ್ಲಾಸಿನಲ್ಲಿ ಎಷ್ಟಿರುತ್ತಾರೆ ಹೇಳಿ? ರಾಷ್ಟ್ರೀಯ ಕೂಟಕ್ಕೆ ಹೋದವರಿಗೆ ಸಿಬಿಎಸ್‌ಇ ಬೋರ್ಡ್ ಪರೀಕ್ಷೆಯನ್ನೇ ಬೇರೆ ದಿನ ನಡೆಸಿದೆ. ಆದರೆ ಆ ಮಟ್ಟ ಮುಟ್ಟುವ ಮೊದಲೇ, ಆರು-ಏಳನೇ ಕ್ಲಾಸಿನಲ್ಲೇ ಮಕ್ಕಳು ಸುಸ್ತಾಗಿ ಬಿಟ್ಟುಬಿಡುತ್ತಾರೆ ಅಲ್ವಾ? ನಮ್ಮ ಬೆಂಗಳೂರಿನ ಧೀನಿಧಿ ದೇಸಿಂಗು 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈಜಿದಾಗ ವಯಸ್ಸು ಬರೀ 14. ಅಂದರೆ ಶಾಲೆಯ ಸಹಕಾರ ಬೇಕಾಗಿರುವುದು ಆರು-ಏಳನೇ ಕ್ಲಾಸಿನಲ್ಲೇ.