ರೋಹಿಣಿ ಮಳೆಗೆ ಓಣಿ ತುಂಬ ವಜ್ರ

ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ ಅಂತಾರೆ ಹಿರಿಯರು. ಆಂಧ್ರದ ಗಡಿಯ ತುಗ್ಗಲಿ, ಮದ್ದಿಕೆರೆ, ವಜ್ರಕರೂರಿನ ಕಡೆ ಈ ಗಾದೆಗೆ ತಿದ್ದುಪಡಿಯಾಗಿ ಬಹಳ ಕಾಲವಾಯಿತು. ಹೆಸರಲ್ಲೇ ಜೊನ್ನ, ಅಂದರೆ ಜೋಳ, ಇಟ್ಟುಕೊಂಡ ಜೊನ್ನಗಿರಿಯಲ್ಲೂ ಮೊದಲ ಮಳೆಯ ಮರುದಿನ ಜೋಳದ ಸುದ್ದಿ ಯಾರೂ ಎತ್ತುವುದಿಲ್ಲ. ಬುತ್ತಿ ಕಟ್ಟಿಕೊಂಡು ಬಳ್ಳಾರಿ ಕಡೆಯಿಂದಲೂ ಬಂದ ಮಂದಿ ಹೊಲದಲ್ಲಿ ವಜ್ರ ಹುಡುಕುತ್ತ ಸೊಂಟ ಬಗ್ಗಿಸಿ ನಿಂತಿರುತ್ತಾರೆ. ಕಳೆ ತೆಗೆಯಲು ಕೂಲಿ ಕೊಟ್ಟು ಕರೆದರೂ ಇಷ್ಟು ಬಗ್ಗಿದ ಸೊಂಟ ಈ ಸೀಮೆಯಲ್ಲಿ ಸಿಗವು.

ಬರುವವರ ಅನುಕೂಲಕ್ಕೆ ಕೆಲವು ಸೂಚನೆ. ಮಳೆ ಮಣ್ಣು ತೊಳೆದು ಹರಳು ಮೇಲೆ ಬಿಟ್ಟಿರುತ್ತದೆ. ಎಳೆಬಿಸಿಲಿಗೆ ಮುಖ ಮಾಡಿ ನಡೆದರೆ ಮಿಂಚು ಕಾಣುತ್ತದೆ. ಮಿಂಚಿದ್ದನ್ನು ಗಾಜಿನ ಮೇಲೆ ಗೀರಿ ನೋಡುವುದು ವಾಡಿಕೆ. ಅದರಿಂದ ಖಾತ್ರಿಯಾಗುವುದು ಗಾಜು ಹಾಳಾಯಿತು ಎಂಬುದೊಂದೇ. ಗಡಸು ಅಳೆಯುವ ಮೋಸ್ ಮಾನದಲ್ಲಿ ಗಾಜಿನ ಗಡಸು ಸುಮಾರು 5.5, ಬೆಣಚುಕಲ್ಲಿನದು 7, ವಜ್ರದ್ದು 10. ಹೊಲದ ತುಂಬ ಬಿದ್ದಿರುವ ಬೆಣಚುಕಲ್ಲೂ ಗಾಜು ಗೀರುತ್ತದೆ. ಇನ್ನು ಕೆಲವು ಪಂಡಿತರು ಸುತ್ತಿಗೆಯಲ್ಲಿ ಬಾರಿಸಿ, ಒಡೆಯದಿದ್ದರೆ ವಜ್ರ ಅನ್ನುತ್ತಾರೆ. ಗಡಸು ಬೇರೆ, ತಾಳಿಕೆ ಬೇರೆ. ವಜ್ರ ನಾಲ್ಕು ದಿಕ್ಕಿಗೆ ನೀಟಾಗಿ ಸೀಳುವ ಹರಳು. ಪಂಡಿತರ ಏಟಿಗೆ ಲಕ್ಷಾಧಿಪತಿಯಾಗಬೇಕಿದ್ದವನು ಚೂರು ಆಯುತ್ತ ಕೂರುತ್ತಾನೆ.

ನೋಡಬೇಕಾದದ್ದು ಎಂಟು ಮುಖದ, ಅಂಚು ಸವೆದ ಆಕಾರ, ಮುಖದ ಮೇಲೆ ಲೆನ್ಸಿಗೆ ಕಾಣುವ ತ್ರಿಕೋನದ ಸಣ್ಣ ಗುಳಿಗಳು. ತೂಕದಲ್ಲಿ ವಜ್ರ ಅಷ್ಟೇ ಗಾತ್ರದ ನೀರಿನ 3.5 ಪಟ್ಟು, ಬೆಣಚು 2.65 ಪಟ್ಟು. ವಜ್ರಕ್ಕೆ ನೀರು ಹತ್ತುವುದಿಲ್ಲ, ಜಿಡ್ಡು ಹತ್ತುತ್ತದೆ. ಗಣಿಗಳಲ್ಲಿ ಗ್ರೀಸ್ ಸವರಿದ ಹಲಗೆಯ ಮೇಲೆ ಜಲ್ಲಿ ಹರಿಸಿ ವಜ್ರ ಹಿಡಿಯುತ್ತಿದ್ದದ್ದು ಇದೇ ಗುಣದಿಂದ. (ದಲ್ಲಾಳಿಗೂ ಇದೇ ಗುಣ.)

ಸಿಕ್ಕಿತು ಅನ್ನಿ. 5 ಕ್ಯಾರೆಟ್ ಅಂದರೆ 1 ಗ್ರಾಂ. ಬೆಲೆ ಹೇಳುವವನೇ ಕೊಳ್ಳುವವನು. ಅವನ ಲೆನ್ಸಿನಲ್ಲಿ ಒಳಗೊಂದು ಚುಕ್ಕೆ ಕಾಣುತ್ತದೆ, ಬಣ್ಣ ಹಳದಿಗೆ ತಿರುಗುತ್ತದೆ, ಸಾಣೆ ಹಿಡಿದರೆ ಅರ್ಧ ತೂಕ ಹೋಗುತ್ತದೆ. ಕೊನೆಯ ಮಾತು ಬಹುಮಟ್ಟಿಗೆ ನಿಜವೇ. ಆದರೆ ಅದೇ ಹರಳು ಸಾಣೆ ಹಿಡಿಯುವ ಸೂರತ್ ದಾಟಿ ಗಾಜಿನ ಪೆಟ್ಟಿಗೆಗೆ ಬಂದಾಗ ಚುಕ್ಕೆಗೆ 'ನಿಸರ್ಗದ ಹಸ್ತಾಕ್ಷರ' ಅಂತ ನಾಮಕರಣ ಆಗಿರುತ್ತದೆ.

ಅಲ್ಲಿ ಕೊಳ್ಳುವವರಿಗೆ ಒಂದು ಹೊಸ ಚಿಂತೆ: ಇದರ ಮೇಲೆ ರಕ್ತದ ಕಲೆ ಇಲ್ಲ ತಾನೆ? ಅದಕ್ಕೆಂದೇ 2003ರಿಂದ ಕಿಂಬರ್ಲಿ ಪ್ರಕ್ರಿಯೆ ಎಂಬ, ಕಚ್ಚಾ ವಜ್ರಕ್ಕೆ ಪ್ರಮಾಣಪತ್ರ ಕೊಡುವ ಅಂತರರಾಷ್ಟ್ರೀಯ ಏರ್ಪಾಡು ಜಾರಿಯಲ್ಲಿದೆ. ಅದರ ನಿಘಂಟಿನ ಪ್ರಕಾರ ರಕ್ತವಜ್ರ ಅಂದರೆ ಸರ್ಕಾರದ ವಿರುದ್ಧ ಬಂಡಾಯಗಾರರು ಯುದ್ಧದ ಖರ್ಚಿಗೆ ಮಾರುವ ಕಚ್ಚಾ ವಜ್ರ. ಗುಂಡು ಹಾರಿಸಿದ್ದು ಸರ್ಕಾರವೇ ಆದರೆ ವಜ್ರ ಮಡಿ. 2008ರಲ್ಲಿ ಜಿಂಬಾಬ್ವೆಯ ಮರಾಂಗೆಯಲ್ಲಿ ಸೈನ್ಯ ಹೆಲಿಕಾಪ್ಟರಿನಿಂದ ಹರಳು ಅಗೆಯುವವರ ಮೇಲೆ ಗುಂಡಿಟ್ಟಿತು; 2011ರಲ್ಲಿ ಅಲ್ಲಿಯ ರಫ್ತಿಗೆ ಒಪ್ಪಿಗೆ ಸಿಕ್ಕಿತು. ಬಾಲಕಾರ್ಮಿಕರು, ಕೂಲಿ, ಕೆಟ್ಟ ನೀರು ಇವ್ಯಾವುವೂ ನಿಘಂಟಿನಲ್ಲಿಲ್ಲ. ಪ್ರಮಾಣಪತ್ರವೂ ಒಂದೊಂದು ಹರಳಿಗಲ್ಲ, ಗಡಿ ದಾಟುವ ಪೊಟ್ಟಣಕ್ಕೆ. ಸಾಣೆ ಹಿಡಿದ ಮೇಲೆ ಅದೂ ಮುಗಿಯಿತು. ಅಲ್ಲಿಂದ ಮುಂದೆ ಮಾರುವವನು ಬಿಲ್ಲಿನ ಮೇಲೆ 'ಇವು ಒಳ್ಳೆಯ ಮೂಲದವು' ಅನ್ನುವ ಅರ್ಥದ ಒಂದು ಸಾಲು ತಾನೇ ಬರೆದುಕೊಂಡರೆ ಸಾಕು.

ಇತ್ತ ಹೊಲದವನು ಹದ ನೋಡಿ ಶೇಂಗಾ ಬಿತ್ತಿದ್ದ. ಮಂದಿ ತುಳಿದು ಮೇಲ್ಮಣ್ಣು ಹೆಂಟೆಗಟ್ಟಿತು, ಮೊಳಕೆ ಮೇಲೇಳಲಿಲ್ಲ. ಮತ್ತೆ ಬಿತ್ತುವ ಹೊತ್ತಿಗೆ ಹದ ಆರಿತ್ತು. ಬದುವಿಗೆ ಜಾಲಿಮುಳ್ಳು ಎಳೆದು ಉಳಿಸಿಕೊಂಡಷ್ಟನ್ನು ಖರೀದಿ ಕೇಂದ್ರಕ್ಕೆ ಒಯ್ದ. ಅಲ್ಲಿ ಅವನ ಬಾಯಿಮಾತಿಗೆ ಬೆಲೆ ಇಲ್ಲ, ಬರೆದುಕೊಟ್ಟ ಸಾಲಿಗೂ ಇಲ್ಲ. ಮೂಟೆಗೆ ಮೀಟರ್ ಚುಚ್ಚಿ ನೋಡುತ್ತಾರೆ. ತೇವಾಂಶ ನೂರಕ್ಕೆ 8 ಮೀರಿದರೆ ಗಾಡಿ ವಾಪಸ್.