ಕಮರಿಗೆ ಜಗ್ಗದವರು ಒಂದೂವರೆ ಮೀಟರಿಗೆ ಜಗ್ಗಿದರು

ರತ್ನಾಗಿರಿ ಬಳಿ ಪಾನ್ವಲ್ ನದಿಯ ಕಮರಿಗೆ 64 ಮೀಟರ್ ಎತ್ತರದ ಸೇತುವೆ ಕಟ್ಟಿ ಕಳೆದ ಶತಮಾನದಲ್ಲೇ ಕೊಂಕಣ ರೈಲು ಓಡಿಸಿದವರು ನಾವು. ಮುಂಬೈನ ಅಂಧೇರಿಯಲ್ಲಿ ಕಮರಿಯೂ ಇಲ್ಲ, ನದಿಯೂ ಇಲ್ಲ. ಇದ್ದದ್ದು ರೈಲು ಹಳಿ ದಾಟಿಸಿ ಪೂರ್ವ-ಪಶ್ಚಿಮ ಜೋಡಿಸುವ ಒಂದು ಹಳೇ ಗೋಖಲೆ ಸೇತುವೆ, ಪಕ್ಕದಲ್ಲಿ ಅದಕ್ಕೆ ಕೂಡುವ ಬರ್ಫಿವಾಲಾ ಫ್ಲೈಓವರ್.

2018ರ ಜುಲೈನಲ್ಲಿ ಗೋಖಲೆಯ ಫುಟ್‌ಪಾತ್ ಹಳಿಗಳ ಮೇಲೆ ಕುಸಿಯಿತು. ನಾಲ್ಕು ವರ್ಷ ಯೋಚಿಸಿ, 2022ರ ನವೆಂಬರ್ 7ಕ್ಕೆ ಸೇತುವೆ ಮುಚ್ಚಿದರು. ಪೂರ್ವದ ಶೆಟ್ಟರ ಹೋಟೆಲಿನ ಸಾಂಬಾರು ಪಶ್ಚಿಮದ ಆಫೀಸಿಗೆ ಸಬ್‌ವೇ ಸುತ್ತಿಕೊಂಡು ಹೊರಟಿತು. ಮಳೆಗಾಲದಲ್ಲಿ ಸಬ್‌ವೇಯೇ ಸಾಂಬಾರು.

ಒಡೆದು ಕಟ್ಟುವಾಗ ರೈಲ್ವೆಯ ಹೊಸ ನಿಯಮ ಅಡ್ಡ ಬಂತು: ರೈಲಿನ 25 ಕೆವಿ ವಿದ್ಯುತ್ ತಂತಿಯ ಮೇಲೆ ಇನ್ನಷ್ಟು ಜಾಗ ಬಿಡಿ. ಗೋಖಲೆ ಮೇಲೇರಿತು. ಬರ್ಫಿವಾಲಾಗೆ ಯಾರೂ ಹೇಳಲಿಲ್ಲ. 1,300 ಟನ್ನಿನ ಗರ್ಡರನ್ನು (ಸೇತುವೆ ಹೊರುವ ತೊಲೆ) ಹಳಿಗಳ ಮೇಲೆ ದೂಡಿ, ಏಳೂವರೆ ಮೀಟರ್ ಕೆಳಗಿಳಿಸಿ ಕೂರಿಸಿದ ಜಾಣರು 2024ರ ಫೆಬ್ರವರಿ 26ಕ್ಕೆ ಒಂದು ಬದಿ ತೆರೆದರು. ನೋಡಿದರೆ ಎರಡು ಸೇತುವೆಗಳ ನಡುವೆ ಆಳುದ್ದಕ್ಕೆ ಸ್ವಲ್ಪ ಕಡಿಮೆ ಮೆಟ್ಟಿಲು! ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಇಲ್ಲಿ ಎರಡನ್ನೂ ಒಂದೇ ನೊಗಕ್ಕೆ ಕಟ್ಟಲು ಮರೆತಿದ್ದರು, ಅಷ್ಟೆ.

ರ‍್ಯಾಂಪ್ ಹಾಕೋಣವೆಂದರೆ ಜಾಗವೆಲ್ಲಿ? 30ಕ್ಕೆ 1ರ ಇಳಿಜಾರಿನಲ್ಲಿ ಒಂದೂವರೆ ಮೀಟರ್ ಇಳಿಯಲು 45 ಮೀಟರ್ ರಸ್ತೆ ಬೇಕು. ಹಾಗಾಗಿ ತಪ್ಪೇ ಮಾಡದ ಬರ್ಫಿವಾಲಾವನ್ನೇ ಎಬ್ಬಿಸಿದರು, ಒಂದು ಕಡೆ 1,397 ಮಿಲಿಮೀಟರ್, ಇನ್ನೊಂದು ಕಡೆ 650. ಈ ಕೆಲಸ ಮಾತ್ರ ನಿಜಕ್ಕೂ ನಾಜೂಕಿನದು. ಮೊದಲು ಜಾಯಿಂಟ್ ಕತ್ತರಿಸಿ ಸ್ಪ್ಯಾನ್, ಅಂದರೆ ಎರಡು ಕಂಬಗಳ ನಡುವಿನ ತುಂಡು, ಬಿಡಿಸಬೇಕು. ಗರ್ಡರಿನಡಿ ಹೈಡ್ರಾಲಿಕ್ ಜಾಕ್ ಇಟ್ಟು ಎಲ್ಲವನ್ನೂ ಒಟ್ಟಿಗೆ, ಮಿಲಿಮೀಟರ್ ಲೆಕ್ಕದಲ್ಲಿ ಏರಿಸಬೇಕು. ಒಂದು ಮೂಲೆ ಮುಂದೆ ಓಡಿದರೆ ಸ್ಲ್ಯಾಬ್ ತಿರುಚಿ ಬಿರುಕು ಬಿಡುತ್ತದೆ. ಜಾಕಿನ ಒತ್ತಡ ಇಳಿದರೆ ಹೊರೆ ಹೊರಲು ಬೆನ್ನಹಿಂದೆಯೇ ಉಕ್ಕಿನ ಸ್ಟೂಲ್ ತುಂಬುತ್ತ ಹೋಗಬೇಕು. ಆಮೇಲೆ ಕಂಬದ ತಲೆಯ ಪೀಠ (ಪೆಡೆಸ್ಟಲ್) ಎತ್ತರಿಸಿ, ಗರ್ಡರ್ ಕೂರುವ ಮೆತ್ತೆ (ಬೇರಿಂಗ್) ಕೂರಿಸಿ, ನಡುವಿನ ಸಂದಿಗೆ ಕಾಂಕ್ರೀಟ್ ಸುರಿದು ಹೊಲಿಗೆ.

ಜುಲೈಯಲ್ಲಿ ಎರಡೂ ಸೇರಿದವು. ಗೋಖಲೆಯ ಇನ್ನೊಂದು ಬದಿ ತೆರೆದದ್ದು 2025ರ ಮೇ ತಿಂಗಳಲ್ಲಿ. ಕಟ್ಟುವ ಮೊದಲು ರೈಲ್ವೆಯವರೂ ಪಾಲಿಕೆಯವರೂ ಒಂದೇ ಮೇಜಿನ ಮೇಲೆ ಎರಡು ನಕ್ಷೆ ಹರಡಿ, ಹಳಿಯ ಮಟ್ಟದಿಂದ ಒಂದೇ ಟೇಪಿನಲ್ಲಿ ಅಳೆದಿದ್ದರೆ ಸಾಕಿತ್ತು. ಅದು ಆಗದ ಮಾತಾದರೆ, ಮುಂದಿನ ಸೇತುವೆಯ ಟೆಂಡರಿನಲ್ಲಿ ಜಾಕುಗಳನ್ನು ಮೊದಲೇ ಬರೆದುಬಿಡಿ, ಒಂದು ಫೈಲಾದರೂ ಉಳಿದೀತು.